ಒಂದನ್ನೊಂದು ದೂಡುವ ಅಯಾನುಗಳು ಟ್ರ್ಯಾಪ್‌ನೊಳಗೆ ಸಾಲುಗಟ್ಟಿ ನಿಲ್ಲುವುದು ಹೇಗೆ?

ಪ್ರಶ್ನೆ: ಪಿಯು ಕಾಲೇಜಿನ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮೊದಲ ಅಧ್ಯಾಯದಲ್ಲಿಯೇ ಕೂಲಂಬ್ ನಿಯಮ ಬರುತ್ತದೆ. ಕಳೆದ ವಾರ ಅದನ್ನು ಮುಗಿಸಿದ ಮೇಲೆ, ಅಯಾನುಗಳನ್ನು, ಅಂದರೆ ಆವೇಶವಿರುವ ಪರಮಾಣುಗಳನ್ನು, ವಿದ್ಯುತ್ ಕ್ಷೇತ್ರದಿಂದ ಹಿಡಿದಿಡುವ ಸಾಧನವಾದ ಅಯಾನ್ ಟ್ರ್ಯಾಪ್ ಒಂದರೊಳಗೆ ಇರಿಸಿದ ಕ್ಯಾಲ್ಸಿಯಂ ಅಯಾನುಗಳ ಛಾಯಾಚಿತ್ರವನ್ನು ಮಕ್ಕಳಿಗೆ ತೋರಿಸಿದೆ. ಕಪ್ಪು ಹಿನ್ನೆಲೆಯಲ್ಲಿ ಒಂಬತ್ತು ಬೆಳಕಿನ ಚುಕ್ಕೆಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿ ನಿಂತಿದ್ದವು, ಒಂದೊಂದು ಚುಕ್ಕೆಯೂ ಒಂದೊಂದು ಅಯಾನು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ ಎಂದು ಈಗಷ್ಟೇ ಹೇಳಿದಿರಿ. ಇವೆಲ್ಲವೂ ಧನ ಆವೇಶದವೇ ತಾನೆ? ಹಾಗಿದ್ದರೆ ಚದುರಿ ಹೋಗದೆ ಯಾಕೆ ನಿಂತಿವೆ? ನಡುವಿನವು ಒತ್ತೊತ್ತಾಗಿಯೂ ತುದಿಯವು ದೂರದೂರವಾಗಿಯೂ ಯಾಕೆ ಇವೆ?" ಎಂದು ಕೇಳಿದಳು. ನನ್ನ ಬಳಿ ಪೂರ್ತಿ ಉತ್ತರವಿರಲಿಲ್ಲ. ಓದಿಕೊಂಡು ಬಂದು ಹೇಳುತ್ತೇನೆ ಎಂದಿದ್ದೇನೆ.

ಮನೆಗೆ ಬಂದು ಲೆಕ್ಕ ಹಾಕಿದಾಗ ಸೋಜಿಗ ಇನ್ನೂ ಹೆಚ್ಚಾಯಿತು. ಒಂದೊಂದೇ ಧನ ಆವೇಶವಿರುವ ಎರಡು ಅಯಾನುಗಳು 5 ಮೈಕ್ರೋಮೀಟರ್ ಅಂತರದಲ್ಲಿದ್ದರೆ ಅವುಗಳ ನಡುವಿನ ಬಲ ಸುಮಾರು 9 ಗುಣಿಸು 10ರ ಮೈನಸ್ 18ನೇ ಘಾತ ನ್ಯೂಟನ್ ಆಗುತ್ತದೆ. ನೋಡುವುದಕ್ಕೆ ಇದು ಏನೂ ಅಲ್ಲ, ಆದರೆ ಕ್ಯಾಲ್ಸಿಯಂ ಅಯಾನಿನ ತೂಕದೊಂದಿಗೆ ಹೋಲಿಸಿದರೆ ಒಂದು ಕೋಟಿ ಪಟ್ಟಿಗೂ ಹೆಚ್ಚು. ತನ್ನ ತೂಕದ ಕೋಟಿ ಪಟ್ಟು ಬಲದಿಂದ ನೆರೆಯ ಅಯಾನು ತಳ್ಳುತ್ತಿರುವಾಗ ಅದನ್ನು ಕದಲದಂತೆ ಹಿಡಿದಿರುವುದು ಯಾವುದು? ಈ ವಿಕರ್ಷಣೆಯು ಪ್ರಯೋಗ ಮಾಡುವವರಿಗೆ ಬರೀ ತೊಡಕೇ, ಅಥವಾ ಅದರಿಂದ ಪ್ರಯೋಜನವೂ ಇದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಅಯಾನ್ ಟ್ರ್ಯಾಪ್ ಸಂಶೋಧಕ, ಊರು ಶಿವಮೊಗ್ಗ, ಈಗ ಯುರೋಪಿನಲ್ಲಿ

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಮೆಚ್ಚುಗೆಯನ್ನು ತಿಳಿಸಿ. ಅವಳು ಕೇಳಿರುವುದು ಈ ವಿಷಯದ ತಿರುಳನ್ನೇ.

ಮೊದಲು ಹಿಡಿದಿಡುವ ಬಲದ ಮಾತು. ಬರೀ ಸ್ಥಿರವಿದ್ಯುತ್ ಕ್ಷೇತ್ರದಿಂದ ಆವೇಶವೊಂದನ್ನು ಒಂದೆಡೆ ಭದ್ರವಾಗಿ ನಿಲ್ಲಿಸಲು ಸಾಧ್ಯವಿಲ್ಲ ಎಂದು ಸ್ಯಾಮ್ಯುಯೆಲ್ ಅರ್ನ್‌ಶಾ 1842ರಲ್ಲಿಯೇ ಸಾಧಿಸಿದ್ದರು. ಖಾಲಿ ಜಾಗದಲ್ಲಿ ವಿದ್ಯುತ್ ವಿಭವವು ಎಲ್ಲ ದಿಕ್ಕಿನಿಂದಲೂ ಒಳಮುಖವಾದ ಬೋಗುಣಿಯ ಆಕಾರವನ್ನು ತಾಳಲಾರದು. ಒಂದು ದಿಕ್ಕಿನಲ್ಲಿ ತಗ್ಗಾದರೆ ಇನ್ನೊಂದರಲ್ಲಿ ಉಬ್ಬಾಗಿ, ಕುದುರೆಯ ಜೀನಿನಂತೆ ಇರುತ್ತದೆ. ಜೀನಿನ ಮೇಲಿಟ್ಟ ಗೋಲಿ ಯಾವುದೋ ಒಂದು ಕಡೆಗೆ ಉರುಳಿಯೇ ತೀರುತ್ತದೆ. ಬಾನ್ ವಿಶ್ವವಿದ್ಯಾಲಯದ ವೋಲ್ಫ್‌ಗಾಂಗ್ ಪೌಲ್ 1950ರ ದಶಕದಲ್ಲಿ ಇದಕ್ಕೆ ಕಂಡುಕೊಂಡ ದಾರಿಯೆಂದರೆ, ಗೋಲಿ ಉರುಳುವ ಮೊದಲೇ ಜೀನಿನ ಉಬ್ಬುತಗ್ಗುಗಳನ್ನು ಅದಲುಬದಲು ಮಾಡುವುದು. ಎಲೆಕ್ಟ್ರೋಡುಗಳಿಗೆ ಸೆಕೆಂಡಿಗೆ ಕೋಟಿಗಟ್ಟಲೆ ಸಲ ದಿಕ್ಕು ಬದಲಿಸುವ ವೋಲ್ಟೇಜ್ ಕೊಟ್ಟರೆ, ಅಯಾನು ಕ್ಷೇತ್ರಕ್ಕೆ ತಕ್ಕಂತೆ ಸಣ್ಣಗೆ ನಡುಗುತ್ತದೆ. ಕ್ಷೇತ್ರ ದುರ್ಬಲವಾಗಿರುವ ನಡುವಿನ ಕಡೆಗೆ ಅದನ್ನು ಸರಾಸರಿಯಲ್ಲಿ ದೂಡುವ ಬಲವೊಂದು ಉಳಿಯುತ್ತದೆ. ಇದಕ್ಕಾಗಿ ಪೌಲ್ ಅವರಿಗೆ 1989ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ನೀವು ತೋರಿಸಿದ ಚಿತ್ರದಂಥ ಸಾಲುಗಳಿಗೆ ಬಳಸುವ ಟ್ರ್ಯಾಪ್‌ನಲ್ಲಿ ಅಡ್ಡಡ್ಡಲಾಗಿ ಈ ಬಗೆಯ ಹಿಡಿತವಿರುತ್ತದೆ. ಉದ್ದಕ್ಕೆ ಮಾತ್ರ ಎರಡು ತುದಿಯ ಎಲೆಕ್ಟ್ರೋಡುಗಳಲ್ಲಿ ಸ್ಥಿರ ಧನ ವೋಲ್ಟೇಜ್ ಇಟ್ಟು, ಹೊರಗೆ ಹೋಗದಂತೆ ಮೆಲ್ಲಗೆ ಒತ್ತಿರುತ್ತಾರೆ.

ಈಗ ವಿಕರ್ಷಣೆಗೆ ಬರೋಣ. ಒಂದೇ ಕ್ಯಾಲ್ಸಿಯಂ ಅಯಾನು ಉದ್ದಕ್ಕೆ ಸೆಕೆಂಡಿಗೆ 10 ಲಕ್ಷ ಸಲ ತೂಗಾಡುವಷ್ಟು ಬಿಗಿಯಾದ ಬೋಗುಣಿಯನ್ನು ತೆಗೆದುಕೊಳ್ಳಿ. ಅದರೊಳಗೆ ಎರಡು ಅಯಾನುಗಳನ್ನು ಇಟ್ಟರೆ, ನಡುವಿನ ಕಡೆಗೆ ಎಳೆಯುವ ಬಲವೂ ಪರಸ್ಪರ ದೂಡುವ ಬಲವೂ ಸರಿಸಮನಾಗುವುದು ಅವು 5.6 ಮೈಕ್ರೋಮೀಟರ್ ದೂರವಿದ್ದಾಗ. ಆ ದೂರದಲ್ಲಿ ಅವುಗಳ ಕೂಲಂಬ್ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಸುಮಾರು 4,000ದಲ್ಲಿ ಒಂದು ಪಾಲು ಮಾತ್ರ. ಟ್ರ್ಯಾಪ್‌ನ ಆಳವಾದರೋ ಸಾಮಾನ್ಯವಾಗಿ ಒಂದು ಎಲೆಕ್ಟ್ರಾನ್ ವೋಲ್ಟ್ ಅಥವಾ ಇನ್ನೂ ಹೆಚ್ಚು. ಅಯಾನಿನ ತೂಕದ ಜೊತೆ ಹೋಲಿಸಿದಾಗ ಭೀಕರವಾಗಿ ಕಂಡ ಬಲ, ಟ್ರ್ಯಾಪ್‌ನ ಗೋಡೆಯ ಮುಂದೆ ಇಷ್ಟೇ. ಚದುರಿ ಹೋಗದಿರುವುದಕ್ಕೆ ಕಾರಣ ಇದು.

ಆದರೆ ಚದುರದೆ ಇರುವುದೇ ಬೇರೆ, ಸಾಲಾಗಿ ನಿಲ್ಲುವುದೇ ಬೇರೆ. ನಿಲ್ಲಬೇಕಾದರೆ ತಂಪಾಗಬೇಕು. 5.6 ಮೈಕ್ರೋಮೀಟರ್ ದೂರದ ಕೂಲಂಬ್ ಶಕ್ತಿಯನ್ನು ತಾಪಮಾನಕ್ಕೆ ಬದಲಿಸಿದರೆ ಸುಮಾರು 3 ಕೆಲ್ವಿನ್ ಆಗುತ್ತದೆ. 397 ನ್ಯಾನೋಮೀಟರಿನ ನೇರಳೆ ಲೇಸರಿನಿಂದ ತಣಿಸಿದ ಕ್ಯಾಲ್ಸಿಯಂ ಅಯಾನುಗಳು ಸುಮಾರು ಅರ್ಧ ಮಿಲಿಕೆಲ್ವಿನ್‌ವರೆಗೆ ಇಳಿಯಬಲ್ಲವು. ಅಲ್ಲಿ ವಿಕರ್ಷಣೆಯ ಶಕ್ತಿಯು ಉಷ್ಣದ ಕುಣಿತಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಈ ಅನುಪಾತವು ಒಂದಕ್ಕಿಂತ ಕಡಿಮೆಯಿದ್ದರೆ ಅಯಾನುಗಳು ಅನಿಲದಂತೆ, ಕೆಲವು ಪಟ್ಟಾದರೆ ದ್ರವದಂತೆ ವರ್ತಿಸುತ್ತವೆ. ದೊಡ್ಡ ಗುಂಪಿನಲ್ಲಿ ಅದು 170ರ ಆಸುಪಾಸನ್ನು ದಾಟಿದಾಗ ಸ್ಫಟಿಕ ಕಟ್ಟುತ್ತದೆ. ಲೇಸರಿನಿಂದ ತಣಿಸಿದ ಅಯಾನುಗಳ ಇಂಥ ಸ್ಫಟಿಕಗಳನ್ನು ಜರ್ಮನಿಯ ಗಾರ್ಚಿಂಗ್‌ನಲ್ಲಿಯೂ ಅಮೆರಿಕದ ಬೌಲ್ಡರ್‌ನಲ್ಲಿಯೂ ಮೊದಲು ಕಂಡದ್ದು 1987ರಲ್ಲಿ.

ಆ ಗಳಿಗೆಯನ್ನು ಕ್ಯಾಮೆರಾದ ಪರದೆಯಲ್ಲಿ ನೋಡುವುದು ನನಗೆ ಇಂದಿಗೂ ಹಳತಾಗಿಲ್ಲ. ಮೊದಲು ಕಾಣುವುದು ಮಂಜಿನ ಹಾಗೆ ಹರಡಿದ ಮಬ್ಬು ಬೆಳಕು. ಲೇಸರಿನ ಬಣ್ಣವನ್ನು ಅನುರಣನದ ಕಡೆಗೆ, ಅಂದರೆ ಅಯಾನು ಹೀರಿಕೊಳ್ಳುವ ಬಣ್ಣದ ಕಡೆಗೆ, ಸ್ವಲ್ಪಸ್ವಲ್ಪವೇ ತರುತ್ತಾ ಹೋದಂತೆ ಮಬ್ಬು ಕುಗ್ಗುತ್ತದೆ, ಮತ್ತೆ ಒಮ್ಮೆಗೇ ಬಿಡಿಬಿಡಿ ಚುಕ್ಕೆಗಳಾಗಿ ಒಡೆದು ನಿಲ್ಲುತ್ತದೆ. ಎರಡು ನಿಂತಿರುವಲ್ಲಿ ಮೂರನೆಯದು ಬಂದು ಸೇರಿದರೆ ಎಲ್ಲವೂ ಸರಿದು ಜಾಗ ಮಾಡಿಕೊಡುತ್ತವೆ, ಮತ್ತು 5.6 ಇದ್ದ ಅಂತರವು 4.8 ಮೈಕ್ರೋಮೀಟರಿಗೆ ಇಳಿಯುತ್ತದೆ.

ನಡುವೆ ಒತ್ತಾಗಿರುವುದೇಕೆ ಎಂಬುದಕ್ಕೆ, ಒಂದರ ಮೇಲೊಂದು ಪೇರಿಸಿದ ಹತ್ತಿ ಮೂಟೆಗಳನ್ನು ನೆನೆಸಿಕೊಳ್ಳಿ. ಮೇಲಿನ ಮೂಟೆಯ ಮೇಲೆ ಯಾವ ಭಾರವೂ ಇಲ್ಲ, ಅದು ಉಬ್ಬಿಕೊಂಡಿರುತ್ತದೆ. ಅಡಿಯ ಮೂಟೆಯು ಮೇಲಿನ ಎಲ್ಲವುಗಳ ಭಾರವನ್ನು ಹೊತ್ತು ಚಪ್ಪಟೆಯಾಗಿರುತ್ತದೆ. ಟ್ರ್ಯಾಪ್ ಪ್ರತಿಯೊಂದು ಅಯಾನನ್ನೂ ನಡುವಿನ ಕಡೆಗೆ ಒತ್ತುತ್ತದೆ. ತುದಿಯ ಅಂತರವು ತಾಳಬೇಕಾದದ್ದು ಕೊನೆಯ ಒಂದು ಅಯಾನಿನ ಒತ್ತಡವನ್ನು ಮಾತ್ರ, ನಡುವಿನ ಅಂತರವಾದರೋ ಆ ಬದಿಯ ಅರ್ಧ ಸಾಲಿನ ಒತ್ತಡವನ್ನೆಲ್ಲ ತಾಳಬೇಕು. ಹೀಗಾಗಿ ಅದು ಹೆಚ್ಚು ಕಿರಿದಾಗುತ್ತದೆ. ಇನ್ನಷ್ಟು ಅಯಾನುಗಳನ್ನು ತುಂಬಿದರೆ ಅಥವಾ ತುದಿಗಳಿಂದ ಬಿಗಿಯಾಗಿ ಒತ್ತಿದರೆ ಸಾಲು ತಾಳದೆ ನಡುವಿನಲ್ಲಿಯೇ ಮೊದಲು ಸೊಟ್ಟಗಾಗಿ, ಅಂಕುಡೊಂಕಾಗುತ್ತದೆ. ಹತ್ತು ಅಯಾನುಗಳು ನೇರವಾಗಿ ನಿಲ್ಲಬೇಕಾದರೆ ಅಡ್ಡದ ಕಂಪನದ ಆವೃತ್ತಿಯು ಉದ್ದದ್ದಕ್ಕಿಂತ ಹೆಚ್ಚುಕಡಿಮೆ ಐದು ಪಟ್ಟು ಇರಬೇಕು. ನೇರ ಸಾಲನ್ನು ನಾವು ಬಯಸಲು ಇನ್ನೊಂದು ಕಾರಣವಿದೆ. ನಡುವಿನ ಅಕ್ಷದಿಂದ ಸರಿದ ಅಯಾನು ರೇಡಿಯೋ ಕ್ಷೇತ್ರದಲ್ಲಿ ಹೆಚ್ಚು ನಡುಗುತ್ತದೆ, ಮತ್ತು ಸ್ಫಟಿಕವು ಕರಗಿ ಅಯಾನುಗಳು ಡಿಕ್ಕಿ ಹೊಡೆಯತೊಡಗಿದರೆ ಆ ನಡುಕವೆಲ್ಲ ಉಷ್ಣವಾಗಿ ಬದಲಾಗುತ್ತದೆ. ಒಂಟಿ ಅಯಾನಿಗೆ ಈ ಬಾಧೆಯಿಲ್ಲ.

ತೊಡಕೇ ಪ್ರಯೋಜನವೇ ಎಂದು ಕೇಳಿದ್ದೀರಿ. ಸಾಧ್ಯವಾದಷ್ಟೂ ತಣಿದ ಅಯಾನೊಂದು ತನ್ನ ಜಾಗದಲ್ಲಿ ಹರಡಿಕೊಂಡಿರುವುದು ಸುಮಾರು 11 ನ್ಯಾನೋಮೀಟರಿನಷ್ಟು, ಪಕ್ಕದ ಅಯಾನು ಅದರ 500 ಪಟ್ಟು ದೂರದಲ್ಲಿದೆ. ಅವು ಒಂದನ್ನೊಂದು ಮುಟ್ಟುವುದೇ ಇಲ್ಲ. ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸಬಲ್ಲ ತಂತಿಯೆಂದರೆ ಈ ವಿಕರ್ಷಣೆಯೊಂದೇ. ಒಂದನ್ನು ಅಲುಗಿಸಿದರೆ ಸಾಲೆಲ್ಲ ಅಲುಗುತ್ತದೆ. ಆ ಸಾಮೂಹಿಕ ಕಂಪನದ ಮೂಲಕ ಎರಡು ಅಯಾನುಗಳ ಕ್ವಾಂಟಂ ಸ್ಥಿತಿಗಳನ್ನು ಬೆಸೆಯಬಹುದೆಂದು ಇಗ್ನಾಸಿಯೊ ಸಿರಾಕ್ ಮತ್ತು ಪೀಟರ್ ಝೋಲರ್ 1995ರಲ್ಲಿ ತೋರಿಸಿದರು. ಇಂದಿನ ಅಯಾನ್ ಟ್ರ್ಯಾಪ್ ಕ್ವಾಂಟಂ ಕಂಪ್ಯೂಟರುಗಳು ನಡೆಯುತ್ತಿರುವುದು ಅದೇ ಹಾದಿಯಲ್ಲಿ. ಅಯಾನುಗಳ ಸಂಖ್ಯೆ ಎಷ್ಟೇ ಇರಲಿ, ಇಡೀ ಸಾಲು ಒಟ್ಟಾಗಿ ತೂಗಾಡುವ ಆವೃತ್ತಿಯು ಒಂಟಿ ಅಯಾನಿನ ಆವೃತ್ತಿಯೇ ಆಗಿರುತ್ತದೆ, ವಿಕರ್ಷಣೆಯಿಂದ ಅದು ಕೂದಲೆಳೆಯಷ್ಟೂ ಬದಲಾಗದು ಎಂಬುದು ನನಗೆ ಬಹಳ ಸೊಗಸಾಗಿ ಕಾಣುತ್ತದೆ.

ಉತ್ತರ: ಔಷಧ ವಿಶ್ಲೇಷಣಾ ಪ್ರಯೋಗಾಲಯದ ಉದ್ಯೋಗಿ, ಬೆಂಗಳೂರು

ಮೇಲಿನ ಉತ್ತರವನ್ನು ಆಸೆಯಿಂದ ಓದಿದೆ. ಆದರೆ ಅಯಾನ್ ಟ್ರ್ಯಾಪ್ ಎಂದರೆ ಹತ್ತಿಪ್ಪತ್ತು ಅಯಾನುಗಳ ಸಾಲು ಮಾತ್ರವಲ್ಲ ಎಂಬುದನ್ನು ಸೇರಿಸಬೇಕೆನಿಸಿತು. ಅಣುಗಳ ದ್ರವ್ಯರಾಶಿಯನ್ನು ಅಳೆಯಲು ನಮ್ಮಲ್ಲಿ ದಿನವಿಡೀ ಓಡುವ ಮಾಸ್ ಸ್ಪೆಕ್ಟ್ರೋಮೀಟರಿನೊಳಗೂ ಪೌಲ್ ಅವರ ಟ್ರ್ಯಾಪ್ ಇದೆ. ಅದರಲ್ಲಿ ಸಾವಿರಾರು ಅಯಾನುಗಳು, ತೆಳುವಾದ ಹೀಲಿಯಂ ಅನಿಲದ ನಡುವೆ, ಕೋಣೆಯ ತಾಪಮಾನದಲ್ಲಿಯೇ ಸುತ್ತುತ್ತಿರುತ್ತವೆ. ಇಲ್ಲಿ ವಿಕರ್ಷಣೆ ನಮಗೆ ಒಳ್ಳೆಯದನ್ನೇನೂ ಮಾಡುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಕೆಫೀನ್ ದ್ರಾವಣವನ್ನು ಹಾಕಿ ಉಪಕರಣವನ್ನು ಪರೀಕ್ಷಿಸುತ್ತಿದ್ದೆ. ದ್ರವ್ಯರಾಶಿಯ ನಕ್ಷೆಯಲ್ಲಿ 195.1ರಲ್ಲಿ ನಿಲ್ಲಬೇಕಾದ ಕೆಫೀನಿನ ಶಿಖರವು ಒಂದೆರಡು ದಶಾಂಶ ಮೇಲಕ್ಕೆ ಸರಿದು, ಬುಡದಲ್ಲಿ ಅಗಲವಾಗಿ, ಪಕ್ಕದ 196ರ ಸಣ್ಣ ಶಿಖರಕ್ಕೆ ತಾಗಿಕೊಂಡಿತ್ತು. ಮಾಪನಾಂಕವೇ ಕೆಟ್ಟಿದೆ ಎಂದು ಅರ್ಧ ದಿನ ಒದ್ದಾಡಿದೆ. ಹಿರಿಯರೊಬ್ಬರು ಬಂದು ನೋಡಿ, ದ್ರಾವಣವನ್ನು ನೂರು ಪಟ್ಟು ತೆಳುಮಾಡು ಎಂದಷ್ಟೇ ಹೇಳಿದರು. ಹಾಗೆ ಮಾಡಿದೊಡನೆ ಶಿಖರ ತನ್ನ ಜಾಗಕ್ಕೆ ಬಂದು ಚೂಪಾಗಿ ನಿಂತಿತು. ಟ್ರ್ಯಾಪ್‌ನಲ್ಲಿ ಅಯಾನುಗಳು ಕಿಕ್ಕಿರಿದಿದ್ದವು. ಅವುಗಳ ಒಟ್ಟು ವಿಕರ್ಷಣೆಯಿಂದ ಪ್ರತಿ ಅಯಾನಿನ ಕಂಪನವೂ ನಿಧಾನವಾಗಿ, ಅವು ಹೊರಬೀಳುವುದು ತಡವಾಗಿ, ಉಪಕರಣವು ಆ ತಡವನ್ನು ಹೆಚ್ಚಿನ ದ್ರವ್ಯರಾಶಿ ಎಂದು ಓದಿಕೊಂಡಿತ್ತು. ಇದನ್ನು ನಾವು ಸ್ಪೇಸ್ ಚಾರ್ಜ್ ಎನ್ನುತ್ತೇವೆ. ಇದನ್ನು ತಡೆಯಲು ಈಗಿನ ಉಪಕರಣಗಳು ಮೊದಲು ಒಂದು ಚಿಕ್ಕ ಪರೀಕ್ಷಾ ಓಟದಲ್ಲಿ ಅಯಾನುಗಳ ಹರಿವನ್ನು ಅಳೆದು, ಅದಕ್ಕೆ ತಕ್ಕಂತೆ ಟ್ರ್ಯಾಪ್‌ನ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ತಾವೇ ತೀರ್ಮಾನಿಸುತ್ತವೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಕೃತಜ್ಞತೆಗಳು. ಹತ್ತಿ ಮೂಟೆಯ ಹೋಲಿಕೆಯನ್ನು ತರಗತಿಯಲ್ಲಿ ಹೇಳಿದೆ, ಮಕ್ಕಳಿಗೆ ತಟ್ಟನೆ ಹೊಳೆಯಿತು. ಆದರೆ ನಿಮ್ಮಿಬ್ಬರ ಮಾತನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ನನಗೊಂದು ಗೊಂದಲವಾಗಿದೆ. ವಿಕರ್ಷಣೆಯಿಂದ ಆವೃತ್ತಿಯು ಕೂದಲೆಳೆಯಷ್ಟೂ ಬದಲಾಗದು ಎಂದು ಮೊದಲನೆಯವರು ಬರೆದಿದ್ದಾರೆ, ವಿಕರ್ಷಣೆಯಿಂದ ಕಂಪನ ನಿಧಾನವಾಗುತ್ತದೆ ಎಂದು ಎರಡನೆಯವರು ಬರೆದಿದ್ದಾರೆ. ಎರಡೂ ಹೇಗೆ ನಿಜವಾದೀತು?

ಉತ್ತರ: ನಿವೃತ್ತ ಪ್ರಾಧ್ಯಾಪಕ, ಮೈಸೂರು

ಎರಡೂ ನಿಜ, ತಾಯಿ. ಯಾವುದರ ಆವೃತ್ತಿ ಎಂಬುದನ್ನು ನೋಡಬೇಕು.

ಒಂದನೇ ಅಯಾನು ಎರಡನೆಯದನ್ನು ಎಷ್ಟು ದೂಡುತ್ತದೆಯೋ ಎರಡನೆಯದು ಒಂದನೆಯದನ್ನು ಅಷ್ಟೇ ಹಿಂದಕ್ಕೆ ದೂಡುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಇಡೀ ಗುಂಪಿನ ದ್ರವ್ಯರಾಶಿ ಕೇಂದ್ರವನ್ನು ನೋಡಿದರೆ ಒಳಗಿನ ಬಲಗಳೆಲ್ಲ ಜೋಡಿಜೋಡಿಯಾಗಿ ರದ್ದಾಗಿ, ಬೋಗುಣಿಯ ಬಲ ಮಾತ್ರ ಉಳಿಯುತ್ತದೆ. ಬೋಗುಣಿಯ ಎಳೆತವು ದೂರಕ್ಕೆ ಅನುಪಾತದಲ್ಲಿರುವ ಆದರ್ಶ ಟ್ರ್ಯಾಪ್‌ನಲ್ಲಿ, ಎಲ್ಲವೂ ಒಂದೇ ಜಾತಿಯ ಅಯಾನುಗಳಾಗಿ ಒಟ್ಟಾಗಿ ತೂಗಿದರೆ, ಅವುಗಳ ನಡುವಿನ ಅಂತರಗಳು ಬದಲಾಗುವುದೇ ಇಲ್ಲ. ಅಂತರ ಬದಲಾಗದಿದ್ದರೆ ವಿಕರ್ಷಣೆಗೆ ಅಲ್ಲಿ ಕೆಲಸವಿಲ್ಲ. ಮಾಸ್ ಸ್ಪೆಕ್ಟ್ರೋಮೀಟರಿನ ಕಥೆ ಬೇರೆ. ಅಲ್ಲಿ ಒಂದು ದ್ರವ್ಯರಾಶಿಯ ಅಯಾನುಗಳನ್ನು ಆರಿಸಿ ಕೆದಕುವಾಗ ಉಳಿದವು ಜೊತೆಗೆ ತೂಗುವುದಿಲ್ಲ, ಮೋಡದಂತೆ ಹಿಂದೆ ಉಳಿಯುತ್ತವೆ. ಸಮನಾಗಿ ಹರಡಿದ ಆವೇಶದ ಮೋಡದೊಳಗೆ ಹೊರಮುಖದ ಬಲವು ನಡುವಿನಿಂದ ಇರುವ ದೂರಕ್ಕೆ ಅನುಪಾತದಲ್ಲಿ ಏರುತ್ತದೆ. ನಿಮ್ಮ ಪಠ್ಯದ ಗೌಸ್ ನಿಯಮದಿಂದಲೇ ಇದನ್ನು ಪಡೆಯಬಹುದು. ಬೋಗುಣಿಯ ಒಳಮುಖದ ಬಲವೂ ದೂರಕ್ಕೆ ಅನುಪಾತದಲ್ಲಿದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಸಡಿಲವಾದ ಬೋಗುಣಿ. ಅದರಲ್ಲಿ ಕಂಪನ ನಿಧಾನ.

ಈ ಕಳೆಯುವಿಕೆಯನ್ನು ಕೊನೆಯವರೆಗೆ ಒಯ್ದು ನೋಡಿ. ಮೋಡವು ದಟ್ಟವಾಗುತ್ತಾ ಹೋಗಿ ಹೊರಮುಖದ ಬಲವು ಒಳಮುಖದ ಬಲಕ್ಕೆ ಸರಿಸಮನಾದರೆ ಒಳಗಿನ ಅಯಾನಿನ ಮೇಲೆ ಒಟ್ಟು ಬಲವೇ ಇರುವುದಿಲ್ಲ. ಅದಕ್ಕಿಂತ ದಟ್ಟವಾಗಲು ಮೋಡಕ್ಕೆ ಸಾಧ್ಯವಿಲ್ಲ. ಇನ್ನಷ್ಟು ಅಯಾನುಗಳನ್ನು ಸೇರಿಸಿದರೆ ಅದು ದೊಡ್ಡದಾಗುತ್ತದೆಯೇ ಹೊರತು ಒತ್ತಾಗುವುದಿಲ್ಲ. ಮೇಲೆ ಹೇಳಿದ ಕ್ಯಾಲ್ಸಿಯಂ ಲೆಕ್ಕದ ಬೋಗುಣಿಯು ಎಲ್ಲ ದಿಕ್ಕಿಗೂ ಒಂದೇ ಬಿಗಿಯದ್ದಾಗಿದ್ದರೆ ಆ ಮಿತಿಯು ಘನ ಸೆಂಟಿಮೀಟರಿಗೆ ಸುಮಾರು 270 ಕೋಟಿ ಅಯಾನುಗಳು. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿರುವ ಅಣುಗಳ ಸಂಖ್ಯೆ ಇದರ ಸಾವಿರ ಕೋಟಿ ಪಟ್ಟಿನ ಹತ್ತಿರ ಬರುತ್ತದೆ. ಅಷ್ಟು ವಿರಳವಾದ ವಸ್ತುವೊಂದು ಸ್ಫಟಿಕವಾಗಿ ಗಟ್ಟಿಗೊಳ್ಳುತ್ತದೆಂದರೆ ಕೂಲಂಬ್ ಬಲದ ಕೈ ಎಷ್ಟು ಉದ್ದವೆಂದು ಮಕ್ಕಳಿಗೆ ಮನವರಿಕೆಯಾದೀತು.

ಕಪ್ಪುಹಲಗೆಯ ಮೇಲೆ ಐದು ನಿಮಿಷದಲ್ಲಿ ಮಾಡಬಹುದಾದ ಇನ್ನೊಂದು ಲೆಕ್ಕ ಹೇಳುತ್ತೇನೆ. ಎರಡು ಅಯಾನುಗಳು ಒಂದೇ ದಿಕ್ಕಿಗೆ ತೂಗದೆ, ಒಂದು ಎಡಕ್ಕೂ ಒಂದು ಬಲಕ್ಕೂ ಎದುರುಬದುರಾಗಿ ತೂಗಲಿ. ಸಮತೋಲದಲ್ಲಿ ವಿಕರ್ಷಣೆಯು ಬೋಗುಣಿಯ ಎಳೆತಕ್ಕೆ ಸಮ, ಅಂದರೆ ಬೋಗುಣಿಯ ಬಲಸ್ಥಿರಾಂಕವನ್ನು ಅಂತರದ ಅರ್ಧದಿಂದ ಗುಣಿಸಿದಷ್ಟು. ವಿಕರ್ಷಣೆಯು ದೂರದ ವರ್ಗಕ್ಕೆ ವಿಲೋಮವಾದ್ದರಿಂದ, ಅಂತರ ಸ್ವಲ್ಪ ಬದಲಾದಾಗ ಅದು ಬದಲಾಗುವ ದರವು ಆ ಬಲದ ಎರಡರಷ್ಟನ್ನು ಅಂತರದಿಂದ ಭಾಗಿಸಿದಷ್ಟು. ಲೆಕ್ಕ ಮಾಡಿದರೆ ಇದು ಬೋಗುಣಿಯ ಬಲಸ್ಥಿರಾಂಕಕ್ಕೇ ಸಮನಾಗುತ್ತದೆ. ಪ್ರತಿ ಅಯಾನು ಒಂದು ಪಾಲು ಸರಿದರೆ ಅಂತರವು ಎರಡು ಪಾಲು ಬದಲಾಗುತ್ತದೆ. ಹಾಗಾಗಿ ಹಿಂದಕ್ಕೆ ತರುವ ಬಲದಲ್ಲಿ ಬೋಗುಣಿಯಿಂದ ಒಂದು ಪಾಲು, ನೆರೆಯ ಅಯಾನಿನಿಂದ ಎರಡು ಪಾಲು, ಒಟ್ಟು ಮೂರು. ಆವೃತ್ತಿಯು ಮೂರರ ವರ್ಗಮೂಲದಷ್ಟು, ಅಂದರೆ 1.73 ಪಟ್ಟು ಏರುತ್ತದೆ. ಆವೇಶ ಎಷ್ಟೆಂಬುದು ಈ ಉತ್ತರದಲ್ಲಿ ಎಲ್ಲಿಯೂ ಉಳಿಯುವುದಿಲ್ಲ, ಏಕೆಂದರೆ ವಿಕರ್ಷಣೆ ಹೆಚ್ಚಾದರೆ ಅಯಾನುಗಳು ಅದಕ್ಕೆ ತಕ್ಕಷ್ಟು ದೂರ ಸರಿದಿರುತ್ತವೆ.

ಲೇಸರಿಲ್ಲದೆ ಇದನ್ನು ಕಣ್ಣಾರೆ ಕಾಣುವ ದಾರಿಯೂ ಇದೆ. ವುರ್ಕರ್, ಶೆಲ್ಟನ್ ಮತ್ತು ಲ್ಯಾಂಗ್‌ಮ್ಯೂರ್ ಎಂಬವರು 1959ರಲ್ಲಿಯೇ, ಆವೇಶ ಕೊಟ್ಟ ಅಲ್ಯೂಮಿನಿಯಂ ಧೂಳಿನ ಕಣಗಳನ್ನು ಪೌಲ್ ಟ್ರ್ಯಾಪ್‌ನಲ್ಲಿ ತೇಲಿಸಿ, ಅವು ಜಾಲರಿಯಂತೆ ಜೋಡಿಸಿಕೊಳ್ಳುವುದನ್ನು ಚಿತ್ರ ಸಮೇತ ಪ್ರಕಟಿಸಿದ್ದರು. ಕಾಲೇಜುಗಳಲ್ಲಿ ಇದಕ್ಕೆ ಲೈಕೋಪೋಡಿಯಂ ಹುಡಿಯನ್ನು ಬಳಸುತ್ತಾರೆ. ಅದು ಜರೀಗಿಡಗಳ ಬಳಗದ ಸಸ್ಯವೊಂದರ ಬೀಜಕಣ, ಸುಮಾರು 30 ಮೈಕ್ರೋಮೀಟರ್ ಗಾತ್ರದ್ದು. ಕಣಗಳು ಅಯಾನಿಗಿಂತ ಅಗಾಧವಾಗಿ ಭಾರವಾದ್ದರಿಂದ ರೇಡಿಯೋ ಆವೃತ್ತಿ ಬೇಕಿಲ್ಲ, ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತನ್ನೇ ಟ್ರಾನ್ಸ್‌ಫಾರ್ಮರಿನಿಂದ ಕೆಲವು ಸಾವಿರ ವೋಲ್ಟಿಗೆ ಏರಿಸಿದರೆ ಸಾಕು. ಲೇಸರಿನ ಬದಲು ಗಾಳಿಯ ಘರ್ಷಣೆಯೇ ಅವುಗಳ ಓಡಾಟವನ್ನು ತಣಿಸುತ್ತದೆ. ಬೆಳಕು ಹಾಯಿಸಿ ನೋಡಿದರೆ ಹುಡಿಯ ಕಣಗಳು ಗಾಳಿಯಲ್ಲಿ ಸಮಾನ ದೂರ ಬಿಟ್ಟು ತೇಲುತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ. ಆದರೆ ಅಷ್ಟು ವೋಲ್ಟೇಜ್ ಪ್ರಾಣಕ್ಕೆ ಅಪಾಯ, ಹುಡಿಯೂ ಬೇಗ ಹೊತ್ತಿಕೊಳ್ಳುವಂಥದ್ದು. ವಿದ್ಯುತ್ ಪ್ರವಾಹವನ್ನು ಮಿತಿಗೊಳಿಸುವ ದೊಡ್ಡ ರೋಧಕ ಮತ್ತು ಮುಚ್ಚಿದ ಗಾಜಿನ ಪೆಟ್ಟಿಗೆ ಇಲ್ಲದೆ, ಅನುಭವಸ್ಥರು ಪಕ್ಕದಲ್ಲಿಲ್ಲದೆ ದಯವಿಟ್ಟು ಇದಕ್ಕೆ ಕೈಹಾಕಬೇಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಗುರುಗಳೇ, ಮೂರು ಪಾಲಿನ ಲೆಕ್ಕವನ್ನು ಇವತ್ತು ಹಲಗೆಯ ಮೇಲೆ ಮಾಡಿದೆ. ಅದೇ ಹುಡುಗಿ ಈಗ ಇನ್ನೊಂದು ಚಿತ್ರವನ್ನು ಹುಡುಕಿಕೊಂಡು ಬಂದಿದ್ದಾಳೆ. ಸಾಲಿನ ನಡುವೆ ಒಂದು ಚುಕ್ಕೆಯ ಜಾಗ ಖಾಲಿಯಿದೆ, ಆದರೂ ಅಕ್ಕಪಕ್ಕದ ಅಯಾನುಗಳು ಒಳಕ್ಕೆ ಸರಿದುಕೊಂಡಿಲ್ಲ. ಖಾಲಿ ಜಾಗವು ದೂಡುತ್ತದೆಯೇ ಎಂದು ಕೇಳುತ್ತಿದ್ದಾಳೆ.

ಉತ್ತರ: ಅಯಾನ್ ಟ್ರ್ಯಾಪ್ ಸಂಶೋಧಕ

ಅದು ಖಾಲಿ ಜಾಗವಲ್ಲ ಮೇಡಂ, ಅಲ್ಲೊಂದು ಅಯಾನು ಇದೆ, ಹೊಳೆಯುತ್ತಿಲ್ಲ ಅಷ್ಟೆ. ನೆರೆಯವು ಒಳಕ್ಕೆ ಸರಿಯದಿರುವುದೇ ಅದಕ್ಕೆ ಸಾಕ್ಷಿ. ಪ್ರಕೃತಿಯಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇಕಡ 97ರಷ್ಟು 40ರ ಐಸೊಟೋಪು, ಶೇಕಡ 2ರಷ್ಟು 44ರದ್ದು. ಒಂದಕ್ಕೆ ಹೊಂದಿಸಿದ ಲೇಸರಿಗೆ ಇನ್ನೊಂದು ಸ್ಪಂದಿಸುವುದಿಲ್ಲ. ಅಥವಾ ನಿರ್ವಾತದಲ್ಲಿ ಉಳಿದಿದ್ದ ನೀರಿನ ಅಣುವೊಂದು ಹೊಳೆಯುತ್ತಿದ್ದ ಅಯಾನಿಗೇ ತಾಗಿ, ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಯಾನಾಗಿ ಬದಲಾಗಿರಬಹುದು. ಎರಡರಲ್ಲಿ ಯಾವುದೇ ಆದರೂ ಆವೇಶ ಒಂದೇ. ಉದ್ದಕ್ಕೆ ಒತ್ತುವ ಕ್ಷೇತ್ರವು ಸ್ಥಿರವಾದ್ದರಿಂದ ಅದು ಆವೇಶವನ್ನು ಮಾತ್ರ ನೋಡುತ್ತದೆ, ದ್ರವ್ಯರಾಶಿಯನ್ನು ನೋಡುವುದಿಲ್ಲ. ಹಾಗಾಗಿ ಸಾಲಿನ ಅಂತರಗಳು ಒಂದಿಷ್ಟೂ ಬದಲಾಗುವುದಿಲ್ಲ. ಒಮ್ಮೊಮ್ಮೆ ನೋಡುತ್ತಿರುವಾಗಲೇ, ಉಳಿದ ಅನಿಲದ ಅಣುವೊಂದು ಬಂದು ಬಡಿದು, ಆ ಕಪ್ಪು ಜಾಗವು ಮೂರನೆಯ ಸ್ಥಾನದಿಂದ ನಾಲ್ಕನೆಯದಕ್ಕೆ ಜಿಗಿಯುತ್ತದೆ.

ಕಾಣದ ಅಯಾನು ಯಾವುದೆಂದು ಕಂಡುಹಿಡಿಯುವುದೂ ವಿಕರ್ಷಣೆಯಿಂದಲೇ. ಒಂದು ಹೊಳೆಯುವ ಮತ್ತು ಒಂದು ಕಪ್ಪು ಅಯಾನು ಮಾತ್ರ ಇವೆ ಎಂದಿಟ್ಟುಕೊಳ್ಳಿ. ಒಂದು ಎಲೆಕ್ಟ್ರೋಡಿಗೆ ಅತಿ ಸಣ್ಣ ಆಂದೋಲನದ ವೋಲ್ಟೇಜ್ ಕೊಟ್ಟು, ಅದರ ಆವೃತ್ತಿಯನ್ನು ನಿಧಾನವಾಗಿ ಬದಲಿಸುತ್ತಾ ಪರದೆಯನ್ನು ನೋಡುತ್ತೇವೆ. ಜೋಡಿಯ ಸ್ವಂತ ಆವೃತ್ತಿ ಬಂದಾಗ ಹೊಳೆಯುವ ಚುಕ್ಕೆಯು ಸಾಲಿನ ಉದ್ದಕ್ಕೆ ಎಳೆದ ಗೆರೆಯಾಗಿ ಮಸುಕಾಗುತ್ತದೆ. ನನ್ನ ಮೊದಲ ಉತ್ತರದ ಬೋಗುಣಿಯಲ್ಲಿ ಎರಡೂ ಕ್ಯಾಲ್ಸಿಯಂ-40 ಆಗಿದ್ದರೆ ಇದು 1,000 ಕಿಲೋಹರ್ಟ್ಸ್‌ನಲ್ಲಿ ಆಗಬೇಕು. ಸಂಗಾತಿಯು 44 ಆಗಿದ್ದರೆ ಸುಮಾರು 975ರಲ್ಲಿ, 57ರ ಹೈಡ್ರಾಕ್ಸೈಡ್ ಆಗಿದ್ದರೆ ಸುಮಾರು 901ರಲ್ಲಿ ಗೆರೆ ಮೂಡುತ್ತದೆ.